ರಾಯವ್ವ ಕಾಯುತ್ತಿದ್ದಾರೆ

ಜುಲೈ 14, ಬೆಳಿಗ್ಗೆ 10.20. ನಾಗರತ್ನಾ ಗೋಕಾಕ ಠಾಣೆಗೆ ಬಂದಳು. ಊರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ರೋಗಿಗಳ ಹೆಸರು ಬರೆದುಕೊಳ್ಳುವ ಕೆಲಸ ಆಕೆಯದು.

"ಕಂಪ್ಯೂಟರಿನ್ಯಾಗ ಏನ ಮಾಡಾಕ ಹೋದ್ರೂ ಮೊದಲ ಒಂದ ಸಾಲು ಬರತೈತ್ರಿ, ಸಾಹೇಬ್ರ. 'ರಾಯವ್ವ, ಮೇಲವಂಕಿ, ಕಾಯುತ್ತಿದ್ದಾರೆ.' ಚೀಟಿ ಮಾಡಿದ್ರೂ ಆಕಿ, ಔಷಧ ಬರದ್ರೂ ಆಕಿ. ನಾನ ಮಾಡೇನಿ ಅಂತ ಡಾಕ್ಟರು ಕೆಲಸ ಬಿಡಸಾಕತ್ತಾರ್ರಿ."

"ಯಾರಕಿ?" ಇನ್ಸ್‌ಪೆಕ್ಟರ್ ಅಣ್ಣಾಸಾಹೇಬರು ಕೇಳಿದರು.

"ಮೇಲವಂಕಿ ಊರಾಕಿರಿ. ಮಾರ್ಚಿನ್ಯಾಗ ಎದಿನೋವು ಅಂತ ಬಂದಿದ್ಲ್ರಿ. ಆಧಾರ್ ತಂದಿರಲಿಲ್ಲ. ಕಾರ್ಡಿಲ್ದ ಕಂಪ್ಯೂಟರ್ ಹೆಸರ ತಗೊಳ್ಳಾಂಗಿಲ್ಲ. ತರಾಕ ಕಳಿಸಿದೆ. ಬಸ್ ಸ್ಟ್ಯಾಂಡಿನ್ಯಾಗ ಸತ್ಲಂತ." ನಾಗರತ್ನಾ ಅತ್ತುಬಿಟ್ಟಳು. "ಆಕಿ ಖರೇನ ಬಂದ ಕುಂತಾಳ್ರಿ."

ಎಫ್‌ಐಆರ್ ದಾಖಲಾಯಿತು. ಆರೋಪಿಯ ಕಾಲಮ್ಮಿನಲ್ಲಿ ದೆವ್ವ ಎಂದು ಬರೆಯಲು ಬರುವುದಿಲ್ಲವಲ್ಲ, 'ಅಪರಿಚಿತರು' ಎಂದು ಬರೆದರು.

ಜುಲೈ 15, ಮಧ್ಯಾಹ್ನ ಎರಡಕ್ಕೆ ಆಸ್ಪತ್ರೆಯಲ್ಲಿ ಪಂಚನಾಮೆ. ಬೆಳಗಾವಿಯಿಂದ ಬಂದ ಸೈಬರ್ ತಜ್ಞ ಶುಭಮ್ ಚೀಟಿಯ ಪ್ರೋಗ್ರಾಮು, ಔಷಧದ ಪ್ರೋಗ್ರಾಮು ಎಲ್ಲವನ್ನೂ ಸಾಲು ಬಿಡದೆ ಓದಿದ. ಎಲ್ಲಿಯೂ ರಾಯವ್ವನ ಹೆಸರಿಲ್ಲ. ಪರದೆಯ ಮೇಲೆ ಮಾತ್ರ ಅವಳು ಕಾಯುತ್ತಲೇ ಇದ್ದಳು. ಸುಳ್ಳೇಕೆ, ಅಣ್ಣಾಸಾಹೇಬರಿಗೂ ಹೆದರಿಕೆಯಾಯಿತು.

ಹವಾಲ್ದಾರ ಮಾಲಿಂಗಪ್ಪ ಕುರಿಗಾರರ ಮನೆತನದವನು. "ನಮ್ಮ ಕುರಿದಡ್ಡ್ಯಾಗ ಒಂದೊಂದ ಕುರಿ ಹಿಡದ ನೋಡಾಂಗಿಲ್ರಿ," ಎಂದ. "ಬಾಗಿಲದಾಗ ಒಬ್ಬಾಂವ ನಿಂತ್ರ ಎಲ್ಲಾ ಕುರಿ ಅವನ ಮುಂದನ ಹೋಗಬೇಕು. ಇದಕ್ಕ ಬಾಗಿಲಾ ಎಲ್ಲೈತಿ?"

ಶುಭಮ್ ಟೈಪು ಮಾಡುವುದನ್ನು ನಿಲ್ಲಿಸಿದ. "ಐತ್ರಿ. ಆಸ್ಪೆಕ್ಟ್ ಅಂತಾರ. ಯಾವ ಪ್ರೋಗ್ರಾಮೂ ಮುಟ್ಟೂದ ಬ್ಯಾಡ. 'ಪ್ರತಿ ಕೆಲಸಕ್ಕೂ ಮೊದಲ ಇದನ್ನ ಮಾಡು' ಅಂತ ಬಾಜೂಕ ಬ್ಯಾರೆ ಬರದಿಟ್ರ ಸಾಕು."

ಆ ಫೈಲು ಸಿಕ್ಕಿತು. ಅದರಲ್ಲಿದ್ದವು ಎರಡೇ ನಿಯಮ. ಮೊದಲನೆಯದು ಹಳೆಯದು: ಆಧಾರ್ ಇಲ್ಲದಿದ್ದರೆ ತಡೆ. ಎರಡನೆಯದು ರಾಯವ್ವನ ಸಾಲು. ಬರೆದವಳು ಹೆಸರನ್ನು ಮುಚ್ಚಿಟ್ಟಿರಲಿಲ್ಲ. ಎರಡೂ ಆಸ್ಪತ್ರೆಗೆ ಪ್ರೋಗ್ರಾಮು ಬರೆದುಕೊಡುತ್ತಿದ್ದ ಮೂಡಲಗಿಯ ಆಮ್ರಪಾಲಿಯವು.

ಜುಲೈ 16, ಬೆಳಿಗ್ಗೆ 11.40. ಜೀಪು ಬರುವುದು ಗೊತ್ತಿದ್ದವಳ ಹಾಗೆ ಆಮ್ರಪಾಲಿ ತನ್ನ ಮನೆಯ ಬಾಗಿಲಲ್ಲೇ ನಿಂತಿದ್ದಳು.

"ರಾಯವ್ವ ನಿನಗೇನಾಗಬೇಕು?"

"ಅವ್ವ."

"ಯಾಕ ಮಾಡ್ದಿ?"

"ಅವ್ವಗ ಹಿಂಗಾತು ಅಂತ ನಿಮ್ಮ ಠಾಣೆಗೆ ಅರ್ಜಿ ಕೊಟ್ಟಿದ್ದೆರಿ. ಆಕಿ ದವಾಖಾನಿಗೆ ಬಂದದ್ದಕ್ಕ ದಾಖಲೆನ ಇಲ್ಲ ಅಂತ ಮುಚ್ಚಿದ್ರಿ."

ಮುಚ್ಚಿದ್ದು ಅಣ್ಣಾಸಾಹೇಬರೇ; ಆ ಹೆಸರೂ ಅವರಿಗೆ ನೆನಪಿರಲಿಲ್ಲ. ಅವತ್ತು ಅವರು ಕಂಪ್ಯೂಟರನ್ನು ನೋಡಿದ್ದರು, ನಾಗರತ್ನಾಳನ್ನು ಕೇಳಿರಲಿಲ್ಲ. ಅವರಿಗೆ ನಾಚಿಕೆಯಾಯಿತು.

"ಮೊದಲ್ನೇ ನಿಯಮ?"

"ಅದೂ ನಾನ ಬರದದ್ದರಿ. ಕಾರ್ಡಿಲ್ದ ಒಬ್ಬರನ್ನೂ ಬಿಡಬಾರದು ಅಂದ್ರು ಡಾಕ್ಟರು. ಒಬ್ಬರನ್ನೂ ಬಿಡದಂಗ ಬರದೆ. ಚೊಲೋ ಮಾಡಿದಿ ಅಂತ ಶಾಬಾಸ್ ಅಂದ್ರು." ಅವಳು ಮನೆಗೆ ಬೀಗ ಹಾಕಿದಳು. "ಅವ್ವ ಬರತಾಳ ಅಂತ ಅನಸಿರಲಿಲ್ರಿ."

12.05ಕ್ಕೆ ಬಂಧನ. ನಾಗರತ್ನಾಳ ಕೆಲಸ ಉಳಿಯಿತು. ಎರಡನೆಯ ನಿಯಮವನ್ನು ಶುಭಮ್ ಅಳಿಸಿದ. ಮೊದಲನೆಯದನ್ನು ಅಳಿಸಿ ಎಂದು ಯಾರೂ ಕೇಳಲಿಲ್ಲ.

ಠಾಣೆಯಲ್ಲಿ ಆಮ್ರಪಾಲಿಗೆ ಎಫ್‌ಐಆರ್ ಪ್ರತಿ ಕೊಟ್ಟರು. ನಿಧಾನವಾಗಿ ಓದಿ, ನಾಗರತ್ನಾಳ ಹೇಳಿಕೆಯ ಒಂದು ಸಾಲಿನ ಮೇಲೆ ಬೆರಳಿಟ್ಟಳು: 'ರಾಯವ್ವ ಮಾರ್ಚ್ ತಿಂಗಳಲ್ಲಿ ಆಸ್ಪತ್ರೆಗೆ ಬಂದಿದ್ದಳು.'

"ಇದನ್ನ ಅಳಸಾಕ ಬರೂದಿಲ್ಲಲ್ರಿ?"

"ಬರೂದಿಲ್ಲವ್ವ," ಎಂದರು ಅಣ್ಣಾಸಾಹೇಬರು.

ಅವಳು ಕಾಗದವನ್ನು ಮಡಚಿ, ಪ್ರತಿ ಪಡೆದದ್ದಕ್ಕೆ ಸಹಿ ಮಾಡಲು ಪೆನ್ನು ಕೇಳಿದಳು.