ಹಗ್ಗ ದಾಟಬಾರದು

ಪಿಸ್ತೂಲು ನೇರ ನನ್ನ ಎದೆಗೆ ಗುರಿಯಿಟ್ಟಿತ್ತು.

ಅದರ ಹಿಡಿಯಿಂದ ಒಂದು ಚೀಟಿ ನೇತಾಡುತ್ತಿತ್ತು: ‘ದಯವಿಟ್ಟು ಮುಟ್ಟಬೇಡಿ.’

“ಒಂದು ಹೆಜ್ಜೆ ಇಟ್ರೆ ಸುಟ್ಟುಬಿಡ್ತೀನಿ!” ಎಂದ ಮ್ಯೂಸಿಯಂ ಮ್ಯಾನೇಜರ್.

“ಸರ್, ಅದು ನೂರು ವರ್ಷದ ಹಳೇ ಮಾಲು...”

“ಸಿಡಿಯಲ್ಲ ಅಂತ ಗ್ಯಾರಂಟಿ ಇದ್ಯಾ?”

ಇರಲಿಲ್ಲ. ಸುಮ್ಮನೆ ನಿಂತೆ.

ಕೇಳಿ... ಅದು ಹಳೆಯ ಸಾಹುಕಾರರ ಬಂಗಲೆ. ಈಗ ಮ್ಯೂಸಿಯಂ. ಸಾಹುಕಾರರ ಚಿನ್ನದ ಗಡಿಯಾರ ಕಾಣೆಯಾಗಿತ್ತು. ಆರೋಪ ಬಂದದ್ದು ಗೈಡ್ ಮೇಲೆ. ಗೈಡ್ ಎಂದರೆ ನನ್ನ ಅತ್ತೆ. ಅವರ ಮಗ, ಅಂದರೆ ನನ್ನ ಗಂಡ, ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ನಾವಿಬ್ಬರೇ. ಸಂಜೆಯೊಳಗೆ ಗಡಿಯಾರ ಸಿಗದಿದ್ದರೆ ಅವರ ಕೆಲಸ ಹೋಗುತ್ತಿತ್ತು.

ಪತ್ತೇದಾರಿ ನನ್ನ ಕಸುಬು. ಫೀಸ್ ಕೇಳುವ ಹಾಗಿರಲಿಲ್ಲ!

“ನಿಮ್ಮ ಜೇಬು ಟಿಕ್‌ಟಿಕ್ ಅಂತಿದೆ ಸರ್” ಎಂದಿದ್ದೆ, ಅಷ್ಟೆ. ಅವನ ಕೈ ಗೋಡೆಯ ಪಿಸ್ತೂಲಿಗೆ ಹೋಗಿತ್ತು. ಕದ್ದ ಗಡಿಯಾರಕ್ಕೆ ಕೀಲಿ ಬೇರೆ ಕೊಟ್ಟಿದ್ದ ಮಹಾಶಯ!

ಮೆಟ್ಟಿಲ ಮೇಲೆ ಜನರ ಸದ್ದು... ಅವನು ಬೆಚ್ಚಿದ. ಪಿಸ್ತೂಲನ್ನು ನಾಜೂಕಾಗಿ ಗೋಡೆಗೆ ತೂಗುಹಾಕಿ ಓಟ ಕಿತ್ತ.

ಓಡಿದ್ದು ಎಲ್ಲಿಗೆ? ಪ್ರವಾಸಿಗರಿಗೆಂದು ಕೆಂಪು ಹಗ್ಗ ಕಟ್ಟಿದ ದಾರಿಯಲ್ಲಿ!

ಊಟದ ಕೋಣೆಯನ್ನು ಪೂರ್ತಿ ಸುತ್ತಿದ. ಪುಸ್ತಕದ ಕೋಣೆಯನ್ನು ಸುತ್ತಿದ. ಹಗ್ಗದ ಕೊಕ್ಕೆ ಬಿಚ್ಚಿದಲ್ಲೆಲ್ಲ ಮತ್ತೆ ಸಿಕ್ಕಿಸಿ ಮುಂದೆ ಓಡಿದ. ಜೀವಮಾನವಿಡೀ ಜನರನ್ನು ಗದರಿಸಿದವನಿಗೆ ಹಗ್ಗ ದಾಟಲು ಕಾಲೇ ಏಳಲಿಲ್ಲ.

ನನಗೆ ಎದ್ದಿತು.

ಹಗ್ಗದಡಿ ನುಸುಳಿದೆ. ರತ್ನಗಂಬಳಿ ತುಳಿದೆ. ಸಾಹುಕಾರರ ಹಾಸಿಗೆಯ ಮೇಲೆ ಹತ್ತಿ ಆಚೆ ಹಾರಿದೆ. ಹೊರಬಾಗಿಲಿನಲ್ಲಿ ಕೈಕಟ್ಟಿ ನಿಂತೆ.

ಅವನು ಏದುಸಿರು ಬಿಡುತ್ತಾ ಬಂದ. ಕೈ ತಿರುಚಿ ಹಿಡಿದೆ.

“ಹಗ್ಗ ದಾಟಿದ್ಯಾ?” ಎಂದ. “ಛೀ! ನಾಚಿಕೆ ಆಗಲ್ವಾ?”

ಅಷ್ಟರಲ್ಲಿ ಅತ್ತೆ ಪ್ರವಾಸಿಗರ ಗುಂಪಿನೊಂದಿಗೆ ಬಂದರು. ನಾನು ಅವನ ಜೇಬಿನಿಂದ ಗಡಿಯಾರ ಎತ್ತಿ ತೋರಿಸಿದೆ.

“ಅತ್ತೆ, ಕಳ್ಳ ಸಿಕ್ಕಿದ! ನಿಮ್ಮ ಕೆಲಸ ಉಳೀತು!”

ಅವರ ಕಣ್ಣು ತುಂಬಿತು. ಒಂದೇ ಕ್ಷಣ. ಕೂಡಲೇ ಕನ್ನಡಕ ಸರಿಮಾಡಿಕೊಂಡರು.

“ಹಾಸಿಗೆ ಮೇಲೆ ಬೂಟಿನ ಗುರುತು ಯಾರದ್ದೇ?”

“ಅದು... ಎಮರ್ಜೆನ್ಸಿ ಅತ್ತೆ...”

“ಕೆಲಸ ಉಳೀತು ಅಂದ್ಯಲ್ಲ? ಅದನ್ನೇ ಮಾಡ್ತಿದ್ದೀನಿ. ಆಚೆ ನಡಿ!”

ಪೊಲೀಸರು ಬರುವವರೆಗೆ ಕಳ್ಳ ಒಳಗೆ ಫ್ಯಾನಿನಡಿ ಕುಳಿತಿದ್ದ.

ನಾನು ಹೊರಗೆ, ಬಿಸಿಲಲ್ಲಿ!