ನಿಮಗಾ? ಬಿಡಿ.

ಅವಳ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ಒಬ್ಬರೂ ಇರಲಿಲ್ಲ.

ಹಾಗಾಗಿ ಹದಿನೆಂಟನೇ ವಯಸ್ಸಿನಲ್ಲಿ ಅವಳು ಮುಖ ಕಾಣದ ಒಬ್ಬನನ್ನು ಸೀಟು ಸಿಗುತ್ತಾ ಎಂದು ಕೇಳಿದಳು. ಅವನು ಎರಡೇ ಪದದಲ್ಲಿ ಉತ್ತರ ಕೊಟ್ಟ. ಆ ಪದಗಳನ್ನು ಅವನು ಯಾವ ದನಿಯಲ್ಲಿ ಹೇಳಿದ್ದ ಅನ್ನುವುದು ಅವಳಿಗೆ ಗೊತ್ತಾಗಿದ್ದು ಒಂಬತ್ತು ವರ್ಷದ ಮೇಲೆ, ಒಂದು ಶುಕ್ರವಾರ ಬೆಳಿಗ್ಗೆ, ಅವಳು ಕೆಲಸ ಮಾಡುವ ಲೈಬ್ರರಿಯಲ್ಲಿ.

ಅವತ್ತು ಕಾಲೇಜುಗಳ ಆಯ್ಕೆಪಟ್ಟಿ ತುಂಬಲು ಕೊನೆಯ ದಿನ. ಲೈಬ್ರರಿಯ ಮುಂದಿನ ಕೋಣೆಯಲ್ಲಿ ಪ್ರತಿ ವರ್ಷ ಮೂರು ವಾರ ಅವಳು ಒಂದು ಮೇಜು ಹಾಕಿಕೊಂಡು ಕೂರುತ್ತಿದ್ದಳು, ಮಕ್ಕಳಿಗೆ ಪಟ್ಟಿ ತುಂಬಿಸಲು. ಮೇಜಿನ ಮೇಲೆ ಅವಳೇ ಬರೆದಿಟ್ಟ ಒಂದು ರಟ್ಟು: "ಸಿಗುತ್ತಾ ಅಂತ ಕೇಳಿ. ಕೂತು ಕೇಳಿ. ಒಂದು ಪದದ ಉತ್ತರ ಇಲ್ಲಿಲ್ಲ."

"ನಮ್ಮ ಮೇಡಮ್ ಹೌದು ಅನ್ನೋದಕ್ಕೂ ಹತ್ತು ನಿಮಿಷ ತಗೋತಾರೆ" ಎಂದು ಅಟೆಂಡರ್ ಬಂದವರಿಗೆಲ್ಲ ಹೇಳುತ್ತಿದ್ದ.

"ಇವಳಿಗೆ ಇಷ್ಟೊಂದು ಕಾಲೇಜು ಯಾಕೆ ಮೇಡಮ್? ಮೊದಲನೇದು ಒಂದು ಹಾಕಿ, ಸಾಕು."

ಅವಳು ತಲೆ ಎತ್ತಿದಳು. ಮೂವತ್ತರ ಹತ್ತಿರದ ಗಂಡಸು. ಅಂಗಿಯ ತೋಳಿನ ಮೇಲೆ ಸುಣ್ಣದ ಧೂಳು, ಕಿವಿಯ ಹಿಂದೆ ಪೆನ್ಸಿಲು. ಪಕ್ಕದಲ್ಲಿ ಉಗುರು ಕಚ್ಚುತ್ತ ಕೂತ ಹುಡುಗಿ.

"ನೀವು ಇವಳಿಗೆ...?"

"ಮಾಮ. ನಮ್ಮಕ್ಕನ ಮಗಳು."

"ಇಪ್ಪತ್ತು ಆಯ್ಕೆ ಕೊಡೋ ಜಾಗದಲ್ಲಿ ಒಂದೇ ಹಾಕಿ, ಅದು ಕೈ ಕೊಟ್ರೆ?"

"ಕೊಡಲ್ಲ."

"ಬರ್ಕೊಡ್ತೀರಾ?"

"ಲೆಕ್ಕ ಇದೆ ನನ್ನ ಹತ್ರ. ಹದಿನೈದು ವರ್ಷದಲ್ಲಿ ಸೀಟು ಸಿಕ್ಕ ಕೊನೇ ರ‍್ಯಾಂಕು, ಒಂದೂ ಬಿಡದೆ."

"ಅಷ್ಟೆಲ್ಲ ಗೊತ್ತಿದ್ದೋರು ಇಲ್ಲಿಗ್ಯಾಕೆ ಬಂದ್ರಿ?"

"ಇವಳು ಎಳ್ಕೊಂಡು ಬಂದಳು. ನನ್ನ ಮಾತು ಸಾಲಲ್ವಂತೆ."

"ನಿಮಗಿಂತ ಇವಳಿಗೇ ಬುದ್ಧಿ ಇದೆ."

ಹುಡುಗಿ ಕಿಸಕ್ಕನೆ ನಕ್ಕಳು. ಅವನ ಕಿವಿ ಕೆಂಪಾಯಿತು. *ಯಾರಿವನು... ಎಷ್ಟು ಜಂಬ!* ಎಂದುಕೊಂಡು ಅವಳು ಹುಡುಗಿಯ ಆಯ್ಕೆಪಟ್ಟಿ ಎಳೆದುಕೊಂಡಳು. ಮೊದಲನೆಯ ಆಯ್ಕೆಯನ್ನು ಎರಡು ಸಲ ಓದಿದಳು. ಒಂದು ಕಾಲಕ್ಕೆ ಅವಳು ಬಯಸಿದ್ದ ಅದೇ ಆರ್ಕಿಟೆಕ್ಚರ್ ಕಾಲೇಜು.

ಹುಡುಗಿಯ ನಗು ಅಷ್ಟರಲ್ಲಿ ಆರಿತ್ತು. "ಮಾಮ... ತಮಾಷೆ ಬೇಡ. ನಿಜ ಹೇಳು. ನಂಗೆ ಸಿಗುತ್ತಾ?"

ಅವನು ಹುಡುಗಿಯ ತಲೆಗೊಂದು ಮೊಟಕಿದ.

"ನಿಂಗಾ? ಬಿಡು!"

'ನಿಂಗಾ' ಅನ್ನುವಾಗ ಹುಬ್ಬು ಮೇಲೆ ಹೋಯಿತು. 'ಬಿಡು' ಅನ್ನುವಾಗ ದನಿ ಕೆಳಗಿಳಿದು ನಗುವಿನಲ್ಲಿ ಮುಗಿಯಿತು. ನಿನಗೆ ಸಿಗದೆ ಇನ್ಯಾರಿಗೆ ಸಿಗುತ್ತೆ, ಇದನ್ನೂ ಕೇಳಬೇಕಾ ಅನ್ನುವ 'ಬಿಡು'. ಹುಡುಗಿಯ ಮುಖ ಅರಳಿತು.

ಅವಳ ಕೈಯಲ್ಲಿದ್ದ ಪೆನ್ನು ನಿಂತಿತು.

*ಹೀಗೂ ಹೇಳ್ತಾರೆ... ಹೀಗೂ ಹೇಳ್ತಾರಲ್ಲ!*

ಒಂಬತ್ತು ವರ್ಷದ ಹಿಂದೆ ಅವಳಿಗೆ ಇನ್ನೊಂದು ಹೆಸರಿತ್ತು. ಸೂಜಿ.

ಅಪ್ಪ ದರ್ಜಿ. ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದ. ಮನೆಯ ಮುಂದಿನ ಕೋಣೆಯೇ ಅಂಗಡಿ. ಅಮ್ಮ ಗುಂಡಿ ಹಚ್ಚುತ್ತಿದ್ದಳು. ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಕೂತು ಅವಳು ಅಪ್ಪನ ಸೀಮೆಸುಣ್ಣದ ಚೂರಿನಲ್ಲಿ ನೆಲದ ತುಂಬ ಮನೆ ಬರೆಯುತ್ತಿದ್ದಳು. ಬಾಗಿಲು ಎಲ್ಲಿ, ಕಿಟಕಿ ಎಲ್ಲಿ, ಅಮ್ಮನಿಗೆ ಕಾಲು ಚಾಚಲು ಜಾಗ ಎಲ್ಲಿ. ಪಿಯುಸಿ ಮುಗಿಯುವ ಹೊತ್ತಿಗೆ ಓದಿದರೆ ಆ ಕಾಲೇಜಿನಲ್ಲೇ ಆರ್ಕಿಟೆಕ್ಚರ್ ಎಂದು ಹಟ ಹಿಡಿದಿದ್ದಳು. ಅಪ್ಪ ಉಳಿದ ನೀಲಿ ಸಮವಸ್ತ್ರದ ಬಟ್ಟೆಯಲ್ಲಿ ನಕ್ಷೆ ಸುತ್ತಿಡಲು ಉದ್ದನೆಯ ಚೀಲವನ್ನೂ ಹೊಲಿದಿಟ್ಟಿದ್ದ.

ಕೇಳಲು ಮಾತ್ರ ಯಾರೂ ಇರಲಿಲ್ಲ. ಒಂದು ಜಾಲತಾಣವಿತ್ತು; ಅಲ್ಲಿ ಅವಳ ಹೆಸರು ಸೂಜಿ. ರ‍್ಯಾಂಕ್ ಬರೆದು "ಚಾನ್ಸ್ ಇದೆಯಾ?" ಎಂದು ಕೇಳುವುದು, ಯಾರೋ ಉತ್ತರ ಕೊಡುವುದು. ಅಲ್ಲಿ 'ಶುಭಕೋರಿ' ಅನ್ನುವವರೊಬ್ಬರು ಎಲ್ಲರಿಗೂ "ಖಂಡಿತ ಸಿಗುತ್ತೆ!!! ಧೈರ್ಯವಾಗಿರಿ!!!" ಎಂದು ಬರೆಯುತ್ತಿದ್ದರು. ರ‍್ಯಾಂಕೇ ಬಾರದವರಿಗೂ ಮೂರು ಆಶ್ಚರ್ಯಸೂಚಕ ತಪ್ಪುತ್ತಿರಲಿಲ್ಲ.

ಇನ್ನೊಬ್ಬ 'ಕಂಬಳಿಹುಳ'. ಅದೇ ಕಾಲೇಜಿನಲ್ಲಿ ಎರಡನೇ ವರ್ಷ. ಹಾಸ್ಟೆಲ್ ಲೈಬ್ರರಿಯ ಕಂಪ್ಯೂಟರಿನಿಂದ ಬರೆಯುತ್ತಿದ್ದ. "ಇಲ್ಲ." "ಕಷ್ಟ." "ಬಿಡಿ." ಅಷ್ಟೇ. ಜನ ಬೈಯುತ್ತಿದ್ದರು. ಆದರೆ ಅವನ ಲೆಕ್ಕ ತಪ್ಪುತ್ತಿರಲಿಲ್ಲ.

ಅವಳಿಗೆ ಕಂಬಳಿಹುಳವೇ ಹಿಡಿಸಿತು. ಪರೀಕ್ಷೆಗೆ ಮೊದಲು ನಾಲ್ಕು ತಿಂಗಳು ಇಬ್ಬರೂ ಬರೆದುಕೊಂಡರು. ಅವಳ ಚಿತ್ರದ ಅಳತೆ ತಪ್ಪಿದಾಗ ಮುಲಾಜಿಲ್ಲದೆ ಹೇಳುತ್ತಿದ್ದ. ಒಮ್ಮೆ ಮಾತ್ರ ಉದ್ದ ಬರೆದಿದ್ದ: "ನಮ್ಮ ಕಾಲೇಜಿನ ಮಹಡಿ ಮೆಟ್ಟಿಲಲ್ಲಿ ಹದಿನೇಳನೇದು ಒಂದು ಬೆರಳು ಎತ್ತರ ಜಾಸ್ತಿ. ಎಲ್ಲರೂ ಎಡವುತ್ತಾರೆ. ಯಾರಿಗೂ ಹೇಳಿಲ್ಲ, ನೋಡೋಕೆ ಮಜಾ. ನಿಮಗೆ ಮಾತ್ರ ಹೇಳ್ತಿದೀನಿ. ಮೊದಲ ದಿನ ಅಲ್ಲೇ ನಿಂತಿರ್ತೀನಿ."

ಆ ಸಾಲನ್ನು ಅವಳು ಎಷ್ಟು ಸಲ ಓದಿದಳೋ!

ರ‍್ಯಾಂಕ್ ಬಂತು. ಸಾವಿರದ ನೂರ ಅರವತ್ತೊಂಬತ್ತು. ಆಯ್ಕೆಪಟ್ಟಿಯ ಕೊನೆಯ ದಿನ ಎಲ್ಲರಂತೆ ತಾಣದಲ್ಲೇ ಕೇಳಿದಳು. "ನನಗೆ ಸಿಗುತ್ತಾ?"

ಉತ್ತರ ಬಂತು. "ನಿಮಗಾ? ಬಿಡಿ."

ಅದೇ ಪುಟದಲ್ಲಿ, ಅವಳ ಪ್ರಶ್ನೆಯ ಮೇಲೆ, ಇನ್ನೂ ಮೂವರಿಗೆ ಅವನು "ಬಿಡಿ" ಎಂದು ಬರೆದಿದ್ದ. ಆಸೆ ಬಿಡಿ ಅನ್ನುವ 'ಬಿಡಿ'.

"ಏನಂತೆ?" ಎಂದು ಅಪ್ಪ ಮಷಿನ್ ನಿಲ್ಲಿಸಿ ಕೇಳಿದ. ಅವನಿಗೆ ಫೋನಿನ ಅಕ್ಷರ ಕಾಣುತ್ತಿರಲಿಲ್ಲ. ಅವಳೇ ಓದಿ ಹೇಳಿದಳು. ಅಳು ನುಂಗಿಕೊಂಡ ತನ್ನ ದನಿಯಲ್ಲಿ.

"ತಿಳಿದೋರು ಹೇಳಿದ್ಮೇಲೆ ಆಯ್ತಲ್ಲಮ್ಮ" ಎಂದ ಅಪ್ಪ.

ಅವಳು ಪಟ್ಟಿಯಿಂದ ಆ ಕಾಲೇಜನ್ನು ತೆಗೆದಳು. ತಾಣದಿಂದ ಸೂಜಿಯನ್ನೂ ಅಳಿಸಿದಳು. ಇನ್ನೊಂದು ಸಾಲು ಬರೆದು 'ಅಂದರೆ?' ಎಂದು ಕೇಳಬಹುದಿತ್ತು. ಕೇಳಲಿಲ್ಲ. 'ನಿಮಗಾ' ಅನ್ನುವುದೇ ಸಾಕಾಗಿತ್ತು. ದರ್ಜಿಯ ಮಗಳೇ, ನಿನಗಾ?

ಎರಡು ತಿಂಗಳ ಮೇಲೆ ಪೇಪರಿನಲ್ಲಿ ಆ ಕಾಲೇಜಿನ ಕೊನೆಯ ರ‍್ಯಾಂಕ್ ಬಂತು. ಸಾವಿರದ ಇನ್ನೂರ ಹನ್ನೆರಡು. ನಲವತ್ತಮೂರು ರ‍್ಯಾಂಕ್ ಆಚೆಗೂ ಸೀಟು ಹೋಗಿತ್ತು. ಅವತ್ತಿನಿಂದ ಅವಳು ಕಂಬಳಿಹುಳವನ್ನು ಮನಸಾರೆ ದ್ವೇಷಿಸಿದಳು.

"ಮೇಡಮ್... ಏನಾಯ್ತು?" ಹುಡುಗಿ ಕೇಳುತ್ತಿದ್ದಳು.

ಅವಳು ಅವನನ್ನೇ ನೋಡಿದಳು. ಅದೇ ಕಾಲೇಜು, ತಪ್ಪದ ಲೆಕ್ಕ, ಅದೇ ಎರಡು ಪದ. "ಆ ಕಾಲೇಜಿನ ಮಹಡಿ ಮೆಟ್ಟಿಲಲ್ಲಿ... ಹದಿನೇಳನೇದು ಈಗಲೂ ಎತ್ತರ ಇದೆಯಾ?"

ಅವನ ಕಿವಿಯ ಹಿಂದಿನ ಪೆನ್ಸಿಲು ಕೆಳಗೆ ಬಿತ್ತು. ಅವನು ಅದನ್ನು ಎತ್ತಿಕೊಳ್ಳಲಿಲ್ಲ.

"ಅದನ್ನ ನಾನು ಒಬ್ಬರಿಗೇ ಬರೆದಿದ್ದು..." ದನಿ ಒಡೆಯಿತು. "ಸೂಜಿ?"

"ಅಯ್ಯೋ, ಇವರೇನಾ?" ಹುಡುಗಿ ಕುರ್ಚಿಯಿಂದ ಅರ್ಧ ಎದ್ದಳು. "ಸೀಟು ಸಿಕ್ಕಿದ ಮೇಲೆ ನಿನ್ನ ಮರೆತೇಬಿಟ್ಟೋಳು ಅಂತಿದ್ಯಲ್ಲ ಮಾಮ, ಅವರು?"

"ಸೀಟು ಸಿಕ್ಕಿದ ಮೇಲಾ?" ಅವಳಿಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. "ನೀವೇ ಬರೆದ್ರಲ್ಲ, ನಿಮಗಾ ಬಿಡಿ ಅಂತ! ನಾನು ಪಟ್ಟಿಯಿಂದ ತೆಗೆದುಬಿಟ್ಟೆ."

ಅವನು ಕುರ್ಚಿ ಮುಂದಕ್ಕೆ ಎಳೆದುಕೊಂಡ.

"ನಾನು... ನಿಮಗೆ ಸಿಗದೆ ಇನ್ಯಾರಿಗೆ ಅಂತ... ಲೈಬ್ರರಿ ಬಾಗಿಲು ಹಾಕ್ತಿದ್ರು. ಎರಡು ಪದ ಹಾಕಿ ಎದ್ದೆ. ಅರ್ಥ ಆಗುತ್ತೆ ಅಂದ್ಕೊಂಡೆ."

"ಹೇಗೆ ಅರ್ಥ ಆಗ್ಬೇಕಿತ್ತು? ನಿಮ್ಮ ದನಿ ಕೇಳಿದ್ನಾ ನಾನು?"

ಅವನು ಬಿದ್ದಿದ್ದ ಪೆನ್ಸಿಲು ಎತ್ತಿಕೊಂಡ. ನೆಲ ನೋಡುತ್ತ ಹೇಳಿದ: "ಮೂರು ದಿನ ಆ ಮೆಟ್ಟಿಲ ಹತ್ರ ನಿಂತಿದ್ದೆ. ಎಡವಿದ ಹುಡುಗೀರನ್ನೆಲ್ಲ ನೀವು ಸೂಜಿನಾ ಅಂತ ಕೇಳ್ದೆ. ಒಬ್ಬಳು ಚಪ್ಪಲಿ ತೋರಿಸಿದಳು."

"ತಪ್ಪೇನಿಲ್ಲ."

"ಆಮೇಲೆ ಆ ತಾಣಕ್ಕೆ ಹೋಗೋದೇ ಬಿಟ್ಟೆ. ಲೆಕ್ಕ ಮಾತ್ರ ಬರೀತಾ ಬಂದೆ. ನನ್ನ ಲೆಕ್ಕ ಯಾವತ್ತೂ ತಪ್ಪಲ್ಲ ಅಂತ ಇಷ್ಟು ವರ್ಷ ಜಂಬ ಇತ್ತು."

"ಲೆಕ್ಕ ಸರಿನೇ ಇತ್ತು" ಎಂದಳು ಅವಳು. ಕಣ್ಣು ಒರೆಸಿಕೊಂಡು ಪೆನ್ನು ಎತ್ತಿದಳು. "ಮೊದಲು ಈ ಮಗು ಪಟ್ಟಿ ಆಗ್ಲಿ. ಇಪ್ಪತ್ತೂ ತುಂಬದೆ ಯಾರೂ ಏಳೋ ಹಾಗಿಲ್ಲ."

ಇಪ್ಪತ್ತೂ ತುಂಬಿದರು. ಅವನೇ ಒಂದೊಂದರ ಕೊನೇ ರ‍್ಯಾಂಕು ಹೇಳುತ್ತ ಹೋದ.

"ನಮ್ಮ ಮಾಮನಿಗೆ ಇನ್ನೂ ಮದುವೆ ಆಗಿಲ್ಲ" ಎಂದಳು ಹುಡುಗಿ, ಸಹಿ ಹಾಕುತ್ತ.

"ಯಾರು ಕೇಳಿದ್ರು?"

"ಆ ಕಾಲಂ ಇಲ್ವಾ ಇದರಲ್ಲಿ?"

ಹೊರಡುವಾಗ ಅವನು ಬಾಗಿಲಲ್ಲಿ ನಿಂತ. "ಆ ಕಾಲೇಜಿನ ಹಳೇ ಕಟ್ಟಡ ದುರಸ್ತಿ ಈಗ ನಾನೇ ಮಾಡಿಸ್ತಿರೋದು. ಎಲ್ಲ ಮೆಟ್ಟಿಲೂ ಮಟ್ಟ ಮಾಡಿಸಿದೆ. ಹದಿನೇಳನೇದು ಬಿಟ್ಟು."

"ಯಾಕೆ?"

"ಅಲ್ಲೇ ನಿಂತಿರ್ತೀನಿ ಅಂದಿದ್ನಲ್ಲ. ಭಾನುವಾರ ಬರ್ತೀರಾ? ಬೇಗ ಬನ್ನಿ, ಈಗಾಗಲೇ ಇಬ್ಬರು ಮೇಸ್ತ್ರಿಗಳು ಬಿದ್ದಿದ್ದಾರೆ."

ಭಾನುವಾರ ಅವಳು ಬೀರುವಿನ ಮೇಲಿಂದ ನೀಲಿ ಚೀಲ ಇಳಿಸಿದಳು. ಅದರಲ್ಲಿ ಅಮ್ಮ ಕೊಡೆ ಇಡುತ್ತಿದ್ದಳು. ಕೊಡೆ ತೆಗೆದು, ಧೂಳು ಕೊಡವಿದಳು.

ಅಪ್ಪ ಮಷಿನ್ ಮೇಲಿಂದ ನೋಡಿದ. "ಅದ್ಯಾಕಮ್ಮ ಈಗ?"

"ಸುಮ್ನೆ ಅಪ್ಪ. ಹೊಲಿಗೆ ಬಿಟ್ಟಿದೆಯೇನೋ ನೋಡ್ತಿದ್ದೆ."

"ನನ್ನ ಹೊಲಿಗೆನಾ? ಬಿಡು!"

ಅವಳು ನಿಂತಲ್ಲೇ ನಿಂತಳು. ಹುಬ್ಬು ಮೇಲೆ, ದನಿ ಕೆಳಗೆ, ಕೊನೆಗೊಂದು ನಗು. ಹುಟ್ಟಿದಾಗಿನಿಂದ ಅಪ್ಪ ದಿನಕ್ಕೆ ಹತ್ತು ಸಲ ಹೀಗೆ ಅನ್ನುತ್ತಿದ್ದ. ಆ ಒಂದು ದಿನ ಮಾತ್ರ ಅವಳಿಗೆ ಅದು ನೆನಪಾಗಿರಲಿಲ್ಲ.

ಕಾಲೇಜಿನ ಹಳೇ ಕಟ್ಟಡದ ತುಂಬ ಹಸಿ ಸುಣ್ಣದ ವಾಸನೆ. ಅವನು ಕೆಳಗೇ ಕಾಯುತ್ತಿದ್ದ. ಗರಿಗರಿ ಇಸ್ತ್ರಿ ಅಂಗಿ. ಆದರೂ ಕಿವಿಯ ಹಿಂದೆ ಪೆನ್ಸಿಲು.

ಇಬ್ಬರೂ ಹತ್ತಿದರು. ಅವಳು ಬಾಯಲ್ಲೇ ಎಣಿಸಿದಳು. ಹದಿನಾಲ್ಕು... ಹದಿನೈದು... ಹದಿನಾರು... ಕಾಲು ಎತ್ತರಕ್ಕೆ ಎತ್ತಿ ಇಟ್ಟಳು. ದಾಟಿದಳು.

ಪಕ್ಕದಲ್ಲಿ ದಬಕ್ಕನೆ ಸದ್ದು. ಅವಳನ್ನೇ ನೋಡುತ್ತಿದ್ದ ಅವನು ಎಡವಿ, ಎರಡೂ ಕೈ ಊರಿ ಕೂತಿದ್ದ.

"ಹನ್ನೊಂದು ವರ್ಷದಿಂದ ಹತ್ತುತ್ತಿದೀರಲ್ರೀ!"

"ಇವತ್ತು ಎಣಿಸ್ಲಿಲ್ಲ."

ಅವಳು ನಕ್ಕಳು. ನಗುತ್ತಲೇ ಅದೇ ಮೆಟ್ಟಿಲ ಮೇಲೆ ಕೂತಳು, ನೀಲಿ ಚೀಲ ತೊಡೆಯ ಮೇಲೆ. ಮಹಡಿಯ ಕೋಣೆಗಳಲ್ಲಿ ನಕ್ಷೆ ಬರೆಯುವ ಓರೆಮೇಜುಗಳ ಸಾಲು ಕಾಣುತ್ತಿತ್ತು. ಅದರಲ್ಲಿ ಒಂದು ಅವಳದಾಗಬೇಕಿತ್ತು. ಅವಳು ಅವನ್ನು ಒಂದೊಂದಾಗಿ ಎಣಿಸಿದಳು. ಅವನು ಪಕ್ಕಕ್ಕೆ ಸರಿದು ಕೂತ.

ಅಂಗೈ ನೋಡಿಕೊಳ್ಳುತ್ತ ಅವನು ಕೇಳಿದ. "ಒಂದು ಪ್ರಶ್ನೆ. ಇಲ್ಲ ಅಂದ್ರೂ ಪರವಾಗಿಲ್ಲ... ನಂಗೆ ಚಾನ್ಸ್ ಇದೆಯಾ?"

ಅವಳು ಅವನ ಕಡೆ ತಿರುಗಿದಳು.

"ನಿಮಗಾ? ಬಿಡಿ."

ಅವನು ನೆಟ್ಟಗೆ ಕೂತ. "ಯಾವ ಬಿಡಿ?"

"ದನಿ ಕೇಳಿಸ್ಲಿಲ್ವಾ?"

"ಕೇಳಿಸ್ತು. ಆದ್ರೂ... ಪೂರ್ತಿ ಹೇಳಿ. ದಯವಿಟ್ಟು."

"ಸರಿ, ಕೂತು ಕೇಳಿ" ಎಂದಳು. "ನೀವು ಆ ನಾಲ್ಕು ತಿಂಗಳು ನನಗೆ ಇಷ್ಟ ಆಗಿದ್ರಿ. ಆಮೇಲೆ ಒಂಬತ್ತು ವರ್ಷ ನಿಮ್ಮನ್ನ ಕಂಡ್ರೆ ಆಗ್ತಿರಲಿಲ್ಲ, ಆದ್ರೆ ಮರೀಲೂ ಇಲ್ಲ. ಶುಕ್ರವಾರದಿಂದ ಮತ್ತೆ ಇಷ್ಟ ಆಗಿದೀರಿ. ನಾಳೆ ನಮ್ಮನೆಗೆ ಬನ್ನಿ. ಅಪ್ಪನ ಎದುರು ಕೂತು, ಅವತ್ತು ಏನು ಬರೆದ್ರೋ ಅದನ್ನ ನಿಮ್ಮ ಬಾಯಿಂದ, ನಿಮ್ಮ ದನೀಲಿ ಓದಿ ಹೇಳಿ. ಆಮೇಲೆ ಮಿಕ್ಕಿದ್ದು ಮಾತಾಡೋಣ."

"ಬರ್ತೀನಿ."

"ಒಂದೇ ಪದಾನಾ?"

"ಬರ್ತೀನಿ. ನಾಳೆ ಸಂಜೆ ಆರಕ್ಕೆ. ನಡ್ಕೊಂಡೇ ಬರ್ತೀನಿ. ಅಪ್ಪ ಬೈದ್ರೆ ಬೈಸ್ಕೋತೀನಿ, ಹೋಗು ಅಂದ್ರೂ ಹೋಗಲ್ಲ. ಸಾಕಾ?"

"ಸಾಕು" ಎಂದಳು ಅವಳು, ಅವನ ಅಂಗೈಗೆ ಹತ್ತಿದ ಸುಣ್ಣ ಒರೆಸುತ್ತ.

ಎರಡು ಪದಕ್ಕೆ ಹೋದದ್ದು ಇಷ್ಟು: ಒಂದು ಸೀಟು, ಐದು ವರ್ಷದ ಓದು, ಒಂಬತ್ತು ವರ್ಷದ ಮಾತು.