ಬಿಳಿ ನೂಲಿನ ಗಂಟು

"ಆ ಪೆಟ್ಟಿಗೇನ ಮೊದಲು ಮನೆಯಿಂದ ಆಚೆ ಹಾಕು. ಸತ್ತವಳನ್ನ ದಿನಾ ಮೆಟ್ಟಿಲು ಹತ್ತಿಸ್ತೀಯಲ್ಲ, ನಿನಗೆ ಕರುಳೇ ಇಲ್ವಾ?"

ದರ್ಜಿ ಮಗಳ ಮೇಲೆ ರೇಗುತ್ತಿದ್ದ. ಮಗಳು ಕಂಪ್ಯೂಟರಿನ ಮುಂದಿನಿಂದ ಏಳಲಿಲ್ಲ. ಪರದೆ ಆಗತಾನೇ ಕಪ್ಪಾಗಿತ್ತು.

"ಅಮ್ಮ ಹೇಗೆ ಬಿದ್ದಳು ಅಂತ ನನಗೆ ಗೊತ್ತಾಗಬೇಕಪ್ಪ."

ಬಾಗಿಲಲ್ಲಿ ಇನ್ಸ್‌ಪೆಕ್ಟರ್ ನಿಂತಿದ್ದ. ಸತ್ತವಳು ಅವನ ಅಕ್ಕ. ಹೋದ ತಿಂಗಳು ತಾರಸಿ ಮೆಟ್ಟಿಲ ಬುಡದಲ್ಲಿ ಹೆಣವಾಗಿ ಸಿಕ್ಕಿದ್ದಳು. ಆಗ ಮಗಳು ಕಾಲೇಜಿನಲ್ಲಿದ್ದಳು. ತಾನು ಬಟ್ಟೆ ತರಲು ಪೇಟೆಗೆ ಹೋಗಿದ್ದೆ ಎಂದಿದ್ದ ದರ್ಜಿ. ಕಾಲು ಜಾರಿ ಸಾವು ಎಂದು ಬರೆದು ಕಡತ ಮುಚ್ಚಿದ್ದರು.

ಬೆಕ್ಕಿನ ಓಡಾಟ ನೋಡಲು ತಾನೇ ಮೆಟ್ಟಿಲ ಎದುರು ಕ್ಯಾಮೆರಾ ಇಟ್ಟಿದ್ದು ಮಗಳಿಗೆ ಆಮೇಲೆ ನೆನಪಾಯಿತು. ಅವತ್ತಿನ ಚಿತ್ರ, ಸದ್ದು ಎಲ್ಲ ಕಂಪ್ಯೂಟರಿನಲ್ಲಿತ್ತು. ಹಳೇ ಯಂತ್ರ, ಚಿತ್ರ ತಡವರಿಸುತ್ತಿತ್ತು. ಹೊಸ ಮೆಮೊರಿ ತಂದು ಅವಳೇ ಹಾಕಿದಳು. ಕಾಟ ಶುರುವಾಗಿದ್ದು ಅಲ್ಲಿಂದ. ಬರೆಯಲು ಕೂತರೆ ಯಂತ್ರಕ್ಕೆ ಏನೂ ಆಗದು. ಚಿತ್ರ ಹಾಕಿದರೆ ಮಾತ್ರ, ಅಮ್ಮ ಒದ್ದೆ ಬಟ್ಟೆಯ ಬಕೆಟ್ ಹಿಡಿದು ಮೊದಲ ಮೆಟ್ಟಿಲಿಗೆ ಕಾಲಿಡುತ್ತಾಳೆ, ಟಪ್ಪೆಂದು ಆರುತ್ತದೆ.

"ಅವಳಿಗೇ ಇಷ್ಟ ಇಲ್ಲ, ಬಿಡು," ಎಂದ ದರ್ಜಿ. ಅವನ ದನಿ ತಗ್ಗಿತ್ತು.

*

ಇನ್ಸ್‌ಪೆಕ್ಟರ್ ಹೊಸ ಮೆಮೊರಿ ಕೀಳಿಸಿದ. ಆದರೂ ಆರಿತು. ಪಕ್ಕದ ಕೋಣೆಯ ಪ್ಲಗ್ಗಿಗೆ ಹಾಕಿಸಿದ. ಆಗಲೂ ಆರಿತು. ಕೂಡಲೇ ಮತ್ತೆ ಹಚ್ಚಿಸಿದ. ಈ ಸಲ ಅಮ್ಮ ಕಾಣಿಸುವ ಮೊದಲೇ ಕತ್ತಲೆ.

ಮಗಳು ಕುರ್ಚಿ ಹಿಂದಕ್ಕೆ ಸರಿಸಿದಳು. ಅವನು ಪೆಟ್ಟಿಗೆಯ ಮೇಲೆ ಅಂಗೈ ಇಟ್ಟ.

"ಚಿತ್ರ ಹಾಕಿದ್ರೆ ಕಾಯುತ್ತೆ. ತಣ್ಣಗಿದ್ರೆ ಹೆಚ್ಚು ಹೊತ್ತು ಓಡುತ್ತೆ, ಬಿಸಿ ಇದ್ರೆ ಬೇಗ ಸಾಯುತ್ತೆ. ದೆವ್ವಕ್ಕೂ ಸೆಕೆ ಆಗತ್ತೇನಮ್ಮ?"

ಮತ್ತೆ ಮುಚ್ಚಳ ಬಿಚ್ಚಿ ಯಂತ್ರ ಹಚ್ಚಿದರು. ಅದು ಓಡುತ್ತಿದ್ದರೂ ಒಳಗಿನ ಕಾವು ತಣಿಸುವ ಫ್ಯಾನ್ ಅಲುಗುತ್ತಿರಲಿಲ್ಲ. ಅದರ ವೈರನ್ನು ಯಾರೋ ಕಿತ್ತಿದ್ದರು. ಕಿತ್ತು ಸುಮ್ಮನೆ ಬಿಟ್ಟಿರಲಿಲ್ಲ. ಎಂಟರ ಆಕಾರದಲ್ಲಿ ಸುತ್ತಿ, ನಡುವೆ ಬಿಳಿ ನೂಲಿನಿಂದ ಬಿಗಿದಿದ್ದರು.

"ಅಂಗಡಿಯವರು ಕಟ್ಟಿರೋದು ಅಂದ್ಕೊಂಡಿದ್ದೆ ಮಾವ," ಎಂದಳು ಮಗಳು.

ಮೆಮೊರಿ ಹಾಕಿದ ದಿನ ಮುಚ್ಚಳ ಹಾಕಿದ್ದು ಯಾರೆಂದು ಕೇಳಿದ. ಕಾಲೇಜಿಗೆ ಹೊತ್ತಾಗಿತ್ತೆಂದು ಬಿಚ್ಚಿಟ್ಟೇ ಹೋಗಿದ್ದಳಂತೆ. ಬರುವಷ್ಟರಲ್ಲಿ ಅಪ್ಪನೇ ಹಾಕಿದ್ದನಂತೆ.

ಇನ್ಸ್‌ಪೆಕ್ಟರ್ ಮುಂದಿನ ಕೋಣೆಗೆ ನಡೆದ. ಹೊಲಿಗೆ ಯಂತ್ರದ ಮೋಟಾರಿನ ವೈರು, ಇಸ್ತ್ರಿಪೆಟ್ಟಿಗೆಯ ವೈರು, ಗೋಡೆಯ ದೀಪದ ವೈರು. ಎಲ್ಲವೂ ಎಂಟರ ಸುತ್ತು, ನಡುವೆ ಬಿಳಿ ನೂಲು.

"ಭಾವ, ಕಿತ್ತು ಹಾಗೇ ಬಿಟ್ಟಿದ್ರೆ ತಾನಾಗೇ ಬಿಚ್ಚಿಕೊಂಡಿದೆ ಅಂತಿದ್ದೆ. ಜೋತಾಡೋದು ಕಂಡರೆ ನಿಮ್ಮ ಕೈ ಸುಮ್ಮನಿರಲ್ಲ."

ದರ್ಜಿ ಕುರ್ಚಿಯ ಅಂಚಿಗೆ ಕೂತ.

*

ವೈರು ಸಿಕ್ಕಿಸಿದರು. ಫ್ಯಾನ್ ಗುಂಯ್‌ಗುಟ್ಟಿತು. ಚಿತ್ರ ಓಡಿತು.

ಅಮ್ಮ ಹತ್ತಿ ಮರೆಯಾದಳು. ಖಾಲಿ ಬಕೆಟ್ ಹಿಡಿದು ಇಳಿಯುವಾಗ ಉರುಳಿದಳು. ಯಾರೂ ತಳ್ಳಲಿಲ್ಲ. ಮುಂದಿನ ಕೋಣೆಯಿಂದ ಹೊಲಿಗೆ ಯಂತ್ರದ ಸದ್ದು ಕೇಳುತ್ತಿತ್ತು.

"ರೀ..." ಎಂದಳು.

ಸದ್ದು ನಿಂತಿತು. ಕೊರಳಲ್ಲಿ ಟೇಪು ಹಾಕಿಕೊಂಡ ದರ್ಜಿ ಬಂದು ನೋಡಿದ. ನಿಂತ. ಒಳಗೆ ಹೋದ.

ಹೊಲಿಗೆ ಯಂತ್ರ ಮತ್ತೆ ಶುರುವಾಯಿತು. ಅವಳು ಕರೆಯುತ್ತಲೇ ಇದ್ದಳು. ಆಮೇಲೆ ಯಂತ್ರದ ಸದ್ದೊಂದೇ ಉಳಿಯಿತು.

"ಬೆಳಿಗ್ಗೆ ಜಗಳ ಆಡಿದ್ಲು," ಎಂದ ದರ್ಜಿ. "ಸ್ವಲ್ಪ ಹೊತ್ತು ಕೂಗಲಿ ಅಂದ್ಕೊಂಡೆ. ಅಂಗಿಯ ತೋಳೊಂದು ಮುಗಿಸಿ ಹೋಗೋಣ ಅಂತ..."

ಮಗಳು ಎದ್ದಳು. ಚೀಲ ತೆಗೆದುಕೊಳ್ಳಲಿಲ್ಲ, ಮಾವನ ಕಡೆಗೂ ನೋಡಲಿಲ್ಲ. ಮೆಟ್ಟಿಲ ಬುಡವನ್ನು ತುಳಿಯದೆ ಸುತ್ತಿಕೊಂಡು ಬಾಗಿಲಿಗೆ ಹೋದಳು.

"ಮಗಾ," ಎಂದ ದರ್ಜಿ. ಇನ್ನೊಂದು ಸಲ ಕರೆದ. ಮತ್ತೆ ಮತ್ತೆ ಕರೆದ.

ಗೇಟಿನ ಸದ್ದು ಕೇಳಿತು. ಅವಳು ಆ ಮನೆಗೆ ಮತ್ತೆ ಬರಲಿಲ್ಲ.